ಕುಂಡಲಿಕಾ ದಂಡೆಯ ಕಾಟೇಜು: ಹದಿನಾಲ್ಕು ಜನ, ನಾಲ್ಕು ನಾಯಿ ಹೋಗುವುದಾದರೆ

ಮಹಾರಾಷ್ಟ್ರದ ರಾಯಗಡ ಜಿಲ್ಲೆಯ ಕೋಲಾಡ್ ಎಂದರೆ ಕರಾವಳಿಯ ಕನ್ನಡಿಗರಿಗೆ ಮೊದಲು ನೆನಪಾಗುವುದು ಕೊಂಕಣ ರೈಲ್ವೆಯ ರೋ-ರೋ. ಸುರತ್ಕಲ್‌ನಲ್ಲಿ ರೈಲು ಹತ್ತಿದ ಲಾರಿಗಳು ಇಳಿಯುವುದು ಇಲ್ಲೇ. ಮುಂಬೈ, ಪುಣೆಯ ಹುಡುಗರಿಗೆ ಇದು ರಾಫ್ಟಿಂಗ್ ಊರು. ಇತ್ತೀಚೆಗೆ ಕುಂಡಲಿಕಾ ನದಿಯ ಎರಡೂ ದಂಡೆಯಲ್ಲಿ ಬಾಡಿಗೆ ಬಂಗಲೆ, ಕಾಟೇಜುಗಳು ಎದ್ದಿವೆ. ಹಲವು ಕಡೆ ಪೆಟ್ ಫ್ರೆಂಡ್ಲಿ ಎಂಬ ಬೋರ್ಡೂ ಇದೆ. ಡೊಂಬಿವಲಿ, ಠಾಣೆ, ಪಿಂಪ್ರಿ-ಚಿಂಚವಡದ ಕನ್ನಡ ಬಳಗಗಳು ಎರಡು ದಿನದ ಪ್ರವಾಸಕ್ಕೆ ಜಾಗ ಹುಡುಕುವಾಗ "ನಾಯಿಯನ್ನು ಯಾರ ಮನೆಯಲ್ಲಿ ಬಿಡೋದು?" ಎಂಬಲ್ಲಿಗೇ ಮಾತು ನಿಲ್ಲುತ್ತದೆ. ಅಂಥವರಿಗಾಗಿ ಈ ಬರಹ.

ಇಲ್ಲಿ ಹೇಳುತ್ತಿರುವುದು ಸುತಾರವಾಡಿ ರಸ್ತೆಯಿಂದ ನದಿಯ ಕಡೆ ಇಳಿಯುವ ಮಣ್ಣುದಾರಿಯ ಕೊನೆಗಿರುವ, ಅರ್ಧ ಎಕರೆ ತೋಟದ ನಡುವಿನ ನಾಲ್ಕು ಕೋಣೆಯ ಹೆಂಚಿನ ಮನೆಯ ಬಗ್ಗೆ. ಊರಿನದೇ ಒಂದು ಕುಟುಂಬ ನಡೆಸುವ ಮನೆ ಇದು. ಹೆಸರು, ನಂಬರು ಹಾಕಿಲ್ಲ. ಅದೇ ಸಾಲಿನ ಬೇರೆ ಕಾಟೇಜುಗಳಿಗೂ ಇಲ್ಲಿನ ಬಹುಪಾಲು ಮಾತು ಹೊಂದುತ್ತದೆ.

ನಮ್ಮ ತೀರ್ಮಾನ ಮೊದಲೇ ಹೇಳಿಬಿಡುತ್ತೇವೆ. ಜಾಗ, ನೆಲ, ಬೇಲಿ, ನೆರಳು ಇವನ್ನು ಬಾಡಿಗೆಗೆ ಬಂದವರು ಮನೆಯಿಂದ ಹೊತ್ತು ತರಲಾಗದು. ಇಲ್ಲಿ ಅವೆಲ್ಲ ಚೆನ್ನಾಗಿವೆ. ಪಾತ್ರೆ, ಹಾಸಿಗೆ, ಬಿಸಿನೀರು ಸೊರಗಿವೆ, ಆದರೆ ಮುಂಚೆಯೇ ತಿಳಿದಿದ್ದರೆ ಅವನ್ನು ಸರಿಮಾಡಿಕೊಳ್ಳಬಹುದು. ಹಾಗಾಗಿ ಧಾರಾಳವಾಗಿ ಹೋಗಬಹುದು. ನದಿಯ ವಿಷಯ ತಿಳಿಯದೆ ಮಾತ್ರ ಹೋಗಬೇಡಿ.

ಸಹ್ಯಾದ್ರಿಯಿಂದ ಪಶ್ಚಿಮಕ್ಕೆ ಇಳಿಯುವ ಹೊಳೆಗಳಲ್ಲಿ ಹೆಚ್ಚಿನವು ಬೇಸಿಗೆ ಬರುವ ಹೊತ್ತಿಗೆ ಬಂಡೆ, ಹೊಂಡಗಳಾಗಿ ಉಳಿಯುತ್ತವೆ. ಕುಂಡಲಿಕಾ ಮೇ ತಿಂಗಳಲ್ಲೂ ಹರಿಯುತ್ತದೆ. ಕಾರಣ ಘಟ್ಟದ ಮೇಲಿನ ಮುಳಶಿ ಜಲಾಶಯ. ಪುಣೆ ಜಿಲ್ಲೆಯ ಮುಳಾ ನದಿಗೆ ಕಟ್ಟಿದ ಆ ಅಣೆಕಟ್ಟಿನ ನೀರನ್ನು ಘಟ್ಟದ ಕೆಳಕ್ಕೆ ಇಳಿಸಿ ಟಾಟಾದವರು 1927ರಿಂದ ಭಿರಾದಲ್ಲಿ ವಿದ್ಯುತ್ ತಯಾರಿಸುತ್ತಿದ್ದಾರೆ. ಟರ್ಬೈನು ತಿರುಗಿಸಿದ ನೀರು ರವಾಳ್ಜೆಯ ಕಟ್ಟೆಯಲ್ಲಿ ನಿಂತು, ಅಲ್ಲಿಂದ ಕುಂಡಲಿಕಾಕ್ಕೆ ಬರುತ್ತದೆ. ತನ್ನ ಪಾಡಿಗೆ ಬಿಟ್ಟಿದ್ದರೆ ಮುಳಾ-ಮುಠಾ ಆಗಿ, ಭೀಮೆ ಸೇರಿ ವಿಜಯಪುರ, ಕಲಬುರಗಿಯ ಕಡೆ ಹೋಗುತ್ತಿದ್ದ ನೀರು ಇದು. 1921ರಲ್ಲಿ ಸೇನಾಪತಿ ಬಾಪಟರು ಮುಂದೆ ನಿಂತು ನಡೆಸಿದ ಮುಳಶಿ ಸತ್ಯಾಗ್ರಹ ಈ ಅಣೆಕಟ್ಟಿನ ವಿರುದ್ಧವೇ.

ನಾಯಿ ಕರೆತರುವವರಿಗೆ ಇದನ್ನೆಲ್ಲ ಹೇಳಲು ಕಾರಣವಿದೆ. ಮಳೆಗಾಲ ಬಿಟ್ಟರೆ ಇಲ್ಲಿ ನೀರು ಏರಿಳಿಯುವುದು ವಿದ್ಯುತ್ ತಯಾರಿಕೆಯ ಲೆಕ್ಕದಲ್ಲಿ. ಆಕಾಶ ನಿರ್ಮಲವಾಗಿರುತ್ತದೆ, ಮೋಡದ ಸುಳಿವೂ ಇರುವುದಿಲ್ಲ, ಆದರೂ ಹೊಳೆ ಏರುತ್ತದೆ. ಸಾಮಾನ್ಯವಾಗಿ ಬೆಳಿಗ್ಗೆ ನೀರು ಬಿಡುತ್ತಾರೆ, ಸಾಜೆ ಎಂಬ ಹಳ್ಳಿಯಿಂದ ಹೊರಡುವ ರಾಫ್ಟುಗಳು ಆ ನೀರಿನ ಮೇಲೆಯೇ ಇಳಿಯುವುದು. ಆದರೆ ಹೊತ್ತು ದಿನದಿನಕ್ಕೆ ಬದಲಾಗುತ್ತದೆ, ಕೆಲವು ದಿನ ಬಿಡುವುದೇ ಇಲ್ಲ. ಹಿಂದಿನ ಸಂಜೆಯೇ ರಾಫ್ಟಿಂಗ್‌ನವರನ್ನು ಕೇಳಿಟ್ಟುಕೊಳ್ಳಿ. ನಾಳೆ ಎಷ್ಟು ಗಂಟೆಗೆ ನೀರು ಎಂಬುದು ಅವರ ಹೊಟ್ಟೆಪಾಡಿನ ವಿಷಯ, ಅವರಷ್ಟು ಸರಿಯಾಗಿ ಬೇರೆ ಯಾರೂ ಹೇಳಲಾರರು.

ಕಾಟೇಜಿನ ಹಿತ್ತಲಿನಿಂದ ಕರಿಕಲ್ಲಿನ ಮೆಟ್ಟಿಲು ನೇರ ನದಿಗೆ ಇಳಿಯುತ್ತವೆ. ಕೊನೆಯ ಮೂರ್ನಾಲ್ಕು ಮೆಟ್ಟಿಲಿಗೆ ಪಾಚಿ ಹಿಡಿದಿದೆ, ಚಪ್ಪಲಿ ಹಾಕಿ ಇಳಿಯಬೇಡಿ. ಅಲ್ಲೇ ಎಡಕ್ಕೆ ಒಂದು ದೊಡ್ಡ ಬಂಡೆ. ಅದನ್ನು ಒಂದು ನಿಮಿಷ ನೋಡಿಕೊಂಡರೆ ನೀರಿನ ಲೆಕ್ಕ ಸಿಗುತ್ತದೆ. ಬುಡದಲ್ಲಿ ಹಸಿರು ಪಾಚಿಯ ಪಟ್ಟಿ, ಅದರ ಮೇಲೆ ಮೊಣಕಾಲೆತ್ತರಕ್ಕೆ ಒಣಗಿದ ಕೆಸರಿನ ಬೂದು ಪಟ್ಟಿ, ಅದಕ್ಕೂ ಮೇಲೆ ಬಿಸಿಲಿಗೆ ಕಾದ ಬರಿಯ ಕಪ್ಪು ಕಲ್ಲು. ಬೂದು ಪಟ್ಟಿಯ ಕೆಳಗಂಚು ಒದ್ದೆಯಾಗತೊಡಗಿತೆಂದರೆ ಮೇಲೆ ನೀರು ಬಿಟ್ಟಿದ್ದಾರೆ. ಅದಕ್ಕೂ ಮೊದಲೇ ಒಣ ಎಲೆ, ಕಡ್ಡಿ, ಬಿಳಿ ನೊರೆ ತೇಲಿ ಬರುತ್ತವೆ. ಹೊಳೆಯ ಸದ್ದು ಬದಲಾಗುವುದು ಆಮೇಲೆ. ನೊರೆ ಕಂಡ ಕೂಡಲೇ ನಾಯಿ, ಮಕ್ಕಳು ಮೆಟ್ಟಿಲ ಮೇಲಿರಬೇಕು. ಮೊಣಕಾಲುದ್ದದ ನೀರಿನಲ್ಲಿ ಚೆಂಡು ಹಿಡಿಯುತ್ತಿದ್ದ ಲ್ಯಾಬ್ರಡಾರಿಗೆ ಅದೇ ಜಾಗದಲ್ಲಿ ಸ್ವಲ್ಪ ಹೊತ್ತಿಗೆ ಕಾಲು ನಿಲ್ಲುವುದಿಲ್ಲ.

ಈಜಾಡಿಸಲು ಒಳ್ಳೆಯ ಜಾಗ ಮೆಟ್ಟಿಲ ಬಲಕ್ಕಿರುವ ಮಡು. ಒಂದು ಬಂಡೆಸಾಲು ಹರಿವನ್ನು ತಡೆಯುವುದರಿಂದ ಅದರ ಹಿಂದೆ ನೀರು ಶಾಂತವಾಗಿ ಸುತ್ತುತ್ತದೆ, ತಳ ಉರುಟುಗಲ್ಲಿನದು, ಕೆಸರಿಲ್ಲ. ತೊಂದರೆ ಇರುವುದು ಸಾಲಿನ ಆಚೆ. ಚೆಂಡು ಕೈಜಾರಿ ಆಚೆ ಬಿದ್ದರೆ ನಾಯಿ ಅದರ ಹಿಂದೆಯೇ ಹೋಗುತ್ತದೆ. ಆದ್ದರಿಂದ ಇಲ್ಲಿ ಹತ್ತು ಮೀಟರಿನ ಉದ್ದ ಹಗ್ಗ ಬೇಕೇ ಬೇಕು. ನೈಲಾನ್ ಅಥವಾ ಹತ್ತಿಯದು ಬೇಡ. ಎರಡೂ ಮುಳುಗಿ ಕಲ್ಲಿನ ಸಂದಿಗೆ ಸಿಕ್ಕಿಕೊಳ್ಳುತ್ತವೆ. ಮೀನುಗಾರರು ಬಳಸುವ, ನೀರಿನ ಮೇಲೆ ತೇಲುವ ಪ್ಲಾಸ್ಟಿಕ್ ಹಗ್ಗ ಒಳ್ಳೆಯದು. ಅದನ್ನು ಕತ್ತಿನ ಪಟ್ಟಿಗೆ ಕಟ್ಟದೆ ಎದೆಯ ಹಾರ್ನೆಸ್‌ನ ಬೆನ್ನಿನ ಕೊಂಡಿಗೆ ಕಟ್ಟಿ. ಹಿಡಿದವರು ಕೈಗೆ ಸುತ್ತಿಕೊಳ್ಳಬಾರದು, ಎಳೆತಕ್ಕೆ ಬೆರಳು ಮುರಿಯುತ್ತದೆ. ಕತ್ತಿನ ಪಟ್ಟಿಯನ್ನು ನೀರಿಗಿಳಿಯುವ ಮೊದಲು ಬಿಚ್ಚಿಬಿಡಿ, ಅದು ಕೊಂಬೆಗೆ ಸಿಕ್ಕರೆ ನಾಯಿ ತಲೆ ಎತ್ತಲಾರದು.

ಲೈಫ್ ಜಾಕೆಟ್ ಇಲ್ಲಿ ಸಿಗುವುದಿಲ್ಲ, ರಾಫ್ಟಿಂಗ್‌ನವರ ಹತ್ತಿರ ಇರುವುದು ಮನುಷ್ಯರದು. ತರುವುದಾದರೆ ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ಅಳೆದು ಕೊಳ್ಳಿ, ತೂಕ ನೋಡಿ ಕೊಂಡದ್ದು ಸರಿ ಕೂರುವುದಿಲ್ಲ. ಪಟ್ಟಿಯ ಕೆಳಗೆ ಎರಡು ಬೆರಳು ಹೋಗುವಷ್ಟು ಮಾತ್ರ ಸಡಿಲವಿರಲಿ. ಬೆನ್ನ ಮೇಲೆ ಹಿಡಿ ಇರಲೇಬೇಕು, ಮೆಟ್ಟಿಲಿಗೆ ಎತ್ತಿಕೊಳ್ಳುವುದು ಅದರಿಂದಲೇ. ಪಗ್, ಬುಲ್‌ಡಾಗ್‌ಗಳಿಗೆ ತಲೆಯ ಭಾರ ಹೆಚ್ಚು, ಮೂಗು ಗಿಡ್ಡ. ಜಾಕೆಟ್ ಇದ್ದರೂ ಅವನ್ನು ಹೊಟ್ಟೆಯುದ್ದದ ನೀರಿಗಿಂತ ಮುಂದೆ ಬಿಡದಿರುವುದು ಕ್ಷೇಮ.

ಆಟ ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ. ಚೆಂಡು ಕಚ್ಚಿ ಬರುವಾಗಲೆಲ್ಲ ನಾಯಿ ಗುಟುಕು ಗುಟುಕು ನೀರು ಕುಡಿಯುತ್ತದೆ. ಅದು ಮಿತಿ ಮೀರಿದರೆ ರಕ್ತದಲ್ಲಿ ಸೋಡಿಯಂ ಇಳಿದು ವಾಂತಿ, ತೂರಾಟ, ಆಮೇಲೆ ಸೆಳೆತ ಬರುತ್ತದೆ. ಇದು ಜೀವಕ್ಕೆ ಅಪಾಯ. ಇನ್ನೊಂದು ಸಂಗತಿ ಲ್ಯಾಬ್ರಡಾರ್ ಸಾಕಿದವರನ್ನು ಗಾಬರಿಪಡಿಸುತ್ತದೆ: ತಣ್ಣೀರಿನಲ್ಲಿ ಹೆಚ್ಚು ಈಜಿದ ಮರುದಿನ ಬಾಲ ಬುಡದಿಂದ ಜೋತುಬೀಳುತ್ತದೆ, ಮುಟ್ಟಿದರೆ ಕಿರುಚುತ್ತದೆ. ಸಾಮಾನ್ಯವಾಗಿ ಅದು ಸ್ನಾಯುವಿನ ನೋವು, ವಿಶ್ರಾಂತಿ ಕೊಟ್ಟರೆ ಕೆಲವು ದಿನದಲ್ಲಿ ಇಳಿಯುತ್ತದೆ. ಕಿವಿ ಜೋತಿರುವ ತಳಿಗಳಿಗೆ ನೀರಿನಿಂದ ಬಂದ ಮೇಲೆ ಕಿವಿಯೊಳಗೆ ಒಣ ಹತ್ತಿ ಆಡಿಸಿ ಒರೆಸುವುದನ್ನು ಮರೆಯಬೇಡಿ.

ಇನ್ನು ಕಾಂಪೌಂಡು. ಮೂರು ಕಡೆ ಐದಡಿ ಎತ್ತರದ ತಂತಿಬಲೆ, ಅದರ ಬುಡವನ್ನು ಸಿಮೆಂಟಿನಲ್ಲಿ ಕೂರಿಸಿದ್ದಾರೆ. ಇದು ಬಹಳ ಮುಖ್ಯ. ಬಲೆಯನ್ನು ಬರಿಯ ಮಣ್ಣಿನ ಮೇಲೆ ನಿಲ್ಲಿಸಿದ ಕಡೆ ಬೀಗಲ್, ಡ್ಯಾಶ್‌ಹಂಡ್‌ಗಳು ಅರ್ಧ ಗಂಟೆಯಲ್ಲಿ ಕೆರೆದು ಆಚೆ ಹೋಗುತ್ತವೆ. ನದಿಯ ಕಡೆ ಮಾತ್ರ ಮೂರಡಿಯ ಕಲ್ಲುಗೋಡೆ, ಬಿದಿರಿನ ಗೇಟು; ಹಾರುವ ನಾಯಿಗೆ ಅದು ಲೆಕ್ಕಕ್ಕಿಲ್ಲ. ಮುಂದಿನ ಕಬ್ಬಿಣದ ಗೇಟಿನ ಕೆಳಗೆ ಏಳು ಇಂಚು ಸಂದಿ ಇದೆ. ಸಂದಿಗೆ ಇಡಲು ಒಂದು ಮರದ ಹಲಗೆ ಇಟ್ಟಿದ್ದಾರೆ, ಆದರೆ ಕೇಳಿದರೆ ಮಾತ್ರ ತಂದುಕೊಡುತ್ತಾರೆ. ಹೋದ ಕೂಡಲೇ ಮನೆ ನೋಡಿಕೊಳ್ಳುವ ಕಾಕಾನ ಹತ್ತಿರ ಕೇಳಿ ಇಡಿಸಿಕೊಳ್ಳಿ. ಮೂಲೆಯ ಬಾವಿಗೆ ಕಬ್ಬಿಣದ ಜಾಲರಿ ಹಾಕಿದ್ದಾರೆ, ಸೆಪ್ಟಿಕ್ ಟ್ಯಾಂಕಿನ ಮುಚ್ಚಳ ಗಟ್ಟಿಯಾಗಿದೆ. ಇವೆರಡನ್ನು ನೋಡದೆ ಯಾವ ಕಾಟೇಜಿನಲ್ಲೂ ನಾಯಿಯ ಹಗ್ಗ ಬಿಚ್ಚಬಾರದು.

ಹದಿನಾಲ್ಕು ಜನ ಇದ್ದಲ್ಲಿ ಗೇಟು ತೆರೆದು ಬಿಡುವವರು ಯಾರಾದರೂ ಒಬ್ಬರು ಇದ್ದೇ ಇರುತ್ತಾರೆ, ಹೆಚ್ಚಾಗಿ ಕಾರಿನಿಂದ ಸಾಮಾನು ಇಳಿಸುವಾಗ. ಸಾಮಾನು ಪೂರ್ತಿ ಇಳಿದು, ಗೇಟು ಹಾಕಿ, ಚಿಲಕಕ್ಕೆ ಮೇಲಿಂದ ಒಂದು ಹಗ್ಗ ಸುತ್ತಿದ ಮೇಲೆಯೇ ನಾಯಿಗಳನ್ನು ಗಾಡಿಯಿಂದ ಇಳಿಸಿ. ಮನೆಯಲ್ಲಿ ಎರಡು ಊರನಾಯಿಗಳಿವೆ, ಸಾಧು. ಆದರೂ ಅವುಗಳ ಅಂಗಳಕ್ಕೆ ಹೊಸ ನಾಯಿಯನ್ನು ನೇರ ನುಗ್ಗಿಸಬೇಡಿ. ಹೊರಗಿನ ಮಣ್ಣುದಾರಿಯಲ್ಲಿ ಇಬ್ಬರು ಹಿಡಿದುಕೊಂಡು, ನಡುವೆ ನಾಲ್ಕೈದು ಮೀಟರ್ ಬಿಟ್ಟು, ಒಂದೇ ದಿಕ್ಕಿನಲ್ಲಿ ಹತ್ತು ನಿಮಿಷ ನಡೆಸಿ. ಆಮೇಲೆ ಒಟ್ಟಿಗೇ ಒಳಗೆ ಹೋಗಲಿ.

ನಮಗೆ ಹಿಡಿಸದ ಸಂಗತಿ ಕೋಳಿಗಳು. ಕಾಕಾನ ಗಾವಠಿ (ನಾಟಿ) ಕೋಳಿಗಳು ಇಡೀ ದಿನ ಅದೇ ಅಂಗಳದಲ್ಲಿ ಮೇಯುತ್ತವೆ. ನಾಯಿ ಬರುತ್ತದೆಂದು ಗೊತ್ತಿದ್ದೂ ಕೂಡಿ ಹಾಕುವುದಿಲ್ಲ. ಒಂದು ಕೋಳಿ ಸತ್ತರೆ 600 ರೂಪಾಯಿ ಕೇಳುತ್ತಾರೆ, ಅದು ನ್ಯಾಯವೇ. ಆದರೆ ಬೇಟೆಯ ರುಚಿ ಹತ್ತಿದ ನಾಯಿಯನ್ನು ಉಳಿದ ಎರಡು ದಿನ ಕಟ್ಟಿಯೇ ಇಡಬೇಕಾಗುತ್ತದೆ. ಬುಕ್ ಮಾಡುವಾಗಲೇ "ಕೋಂಬಡ್ಯಾ ಖುರಾಡ್ಯಾತ್ ಠೇವಾ, ಕಾಕಾ" (ಕೋಳಿಗಳನ್ನು ಗೂಡಿನಲ್ಲಿಡಿ, ಕಾಕಾ) ಎಂದು ಹೇಳಿಡಿ, ಹಿಂದಿನ ದಿನ ಇನ್ನೊಮ್ಮೆ ಫೋನು ಮಾಡಿ ನೆನಪಿಸಿ. ಎರಡು ಸಲ ಹೇಳಿದರೆ ಕೂಡಿ ಹಾಕುತ್ತಾರೆ.

ಮನೆಯೊಳಗೆ ನಮ್ಮ ಮನಸ್ಸು ಗೆದ್ದದ್ದು ನೆಲ. ಈಗಿನ ಬಂಗಲೆಗಳಲ್ಲಿ ಕನ್ನಡಿಯಂತೆ ಹೊಳೆಯುವ ವಿಟ್ರಿಫೈಡ್ ಟೈಲ್ಸ್ ಹಾಕುತ್ತಾರೆ. ಒದ್ದೆ ಕಾಲಿನ ನಾಯಿಗೆ ಅದರಷ್ಟು ಕೆಟ್ಟ ನೆಲ ಇನ್ನೊಂದಿಲ್ಲ. ಹಿಂಗಾಲು ಅಗಲವಾಗಿ ಜಾರಿ ಸೊಂಟದ ಕೀಲಿಗೆ ಪೆಟ್ಟು. ವಯಸ್ಸಾದ ಜರ್ಮನ್ ಶೆಫರ್ಡ್, ಗೋಲ್ಡನ್ ರಿಟ್ರೀವರ್‌ಗಳಿಗೆ ಮರುದಿನ ಏಳಲಾಗುವುದಿಲ್ಲ. ಇಲ್ಲಿ ಹಾಸಿರುವುದು ನಮ್ಮ ಕಲಬುರಗಿ ಸೀಮೆಯ ಶಹಾಬಾದ್ ಫರ್ಷಿ, ಪಾಲಿಶ್ ಮಾಡದ ಒರಟು ಕಲ್ಲು. ಉಗುರಿಗೆ ಹಿಡಿತ ಸಿಗುತ್ತದೆ, ಮಧ್ಯಾಹ್ನವೂ ತಣ್ಣಗಿರುತ್ತದೆ. ನಾಯಿಗಳು ಎಸಿ ಕೋಣೆ ಬಿಟ್ಟು ಜಗಲಿಯ ಮೇಲೆಯೇ ಹೊಟ್ಟೆ ಚಾಚಿ ಮಲಗುತ್ತವೆ. ನಾಯಿಯನ್ನು ಹೊರಗೆ ಕಟ್ಟಬೇಕೆಂಬ ನಿಯಮ ಇಲ್ಲ, ಕೋಣೆಯೊಳಗೆ ಮಲಗಬಹುದು. ಮಂಚ ಮತ್ತು ಅಡುಗೆಮನೆಗೆ ಮಾತ್ರ ಬಿಡುವಂತಿಲ್ಲ. ನಾಯಿಯ ಹಾಸಿಗೆ ನೀವೇ ತರಬೇಕು.

ನಾಲ್ಕರಲ್ಲಿ ಒಂದು ಕೋಣೆ ಮೇಲೆ, ಅದಕ್ಕೆ ಕಬ್ಬಿಣದ ಕಡಿದಾದ ಏಣಿಮೆಟ್ಟಿಲು. ಮೆಟ್ಟಿಲ ನಡುವೆ ಸಂದಿ ಇರುವುದರಿಂದ ಹೆಚ್ಚಿನ ನಾಯಿಗಳು ಹತ್ತಲು ಹೆದರುತ್ತವೆ, ಹತ್ತಿದವು ಇಳಿಯಲು ಹೆದರುತ್ತವೆ. ಆ ಕೋಣೆ ನಾಯಿ ಇಲ್ಲದವರಿಗೆ ಇರಲಿ. ಹಿಂದಿನ ಎರಡು ಕೋಣೆಗಳ ಬಾಗಿಲು ನೇರ ಹಿತ್ತಲ ಜಗಲಿಗೆ ತೆರೆಯುತ್ತದೆ. ರಾತ್ರಿ ಎರಡು ಗಂಟೆಗೆ ನಾಯಿಯನ್ನು ಹೊರಗೆ ಒಯ್ಯಬೇಕಾದರೆ ಉಳಿದವರ ನಿದ್ದೆ ಕೆಡುವುದಿಲ್ಲ. ಹಾಸಿಗೆಗಳು ತೆಂಗಿನ ನಾರಿನವು, ನಡುವೆ ಕುಸಿದಿವೆ. ಬೆನ್ನುನೋವಿನವರು ಒಂದು ತೆಳು ಹಾಸು ತಂದುಕೊಳ್ಳಿ.

ಬಚ್ಚಲುಮನೆ ನಾಲ್ಕು, ಗೀಸರ್ ಇರುವುದು ಮೂರಕ್ಕೆ, ತಲಾ 15 ಲೀಟರಿನದು. ತಣ್ಣೀರು ಬೆರೆಸಿದರೆ ಒಂದು ಸಲಕ್ಕೆ ಎರಡು ಬಕೆಟ್ ಹದವಾದ ನೀರು ಸಿಗುತ್ತದೆ. ಮತ್ತೆ ಕಾಯಲು ಇಪ್ಪತ್ತು ನಿಮಿಷ. ಎಲ್ಲರೂ ಒಂಬತ್ತಕ್ಕೆ ರಾಫ್ಟಿಂಗ್‌ಗೆ ಹೊರಡುವುದಾದರೆ ಏಳೂವರೆಗೇ ಸ್ನಾನದ ಸರದಿ ಶುರುವಾಗಬೇಕು. ಮೇಲಿನ ಟ್ಯಾಂಕು 1,000 ಲೀಟರಿನದು, ಹದಿನಾಲ್ಕು ಜನಕ್ಕೆ ಒಂದು ದಿನಕ್ಕೂ ಸಾಲದು. ಬೆಳಿಗ್ಗೆ, ಸಂಜೆ ಎರಡು ಹೊತ್ತೂ ಮೋಟಾರು ಹಾಕಿಸಬೇಕು. ಕರೆಂಟು ಇದ್ದಾಗಲೇ ಹಾಕಿಸಿ, ವಿದ್ಯುತ್ ಕಂಪನಿ ಮಹಾವಿತರಣದ ಲೈನು ಇಲ್ಲಿ ಗಾಳಿ ಎದ್ದರೆ ಹೋಗುತ್ತದೆ. ಇನ್ವರ್ಟರ್ ಫ್ಯಾನು, ದೀಪಕ್ಕೆ ಸುಮಾರು ನಾಲ್ಕು ಗಂಟೆ ಬರುತ್ತದೆ. ಎಸಿ, ಗೀಸರ್, ಮಿಕ್ಸಿ ಅದರ ಮೇಲೆ ನಡೆಯುವುದಿಲ್ಲ. ಮಿಕ್ಸಿ ಹಾಕಿದರೆ ಟ್ರಿಪ್ ಆಗುತ್ತದೆ, ಅದನ್ನು ಸರಿಪಡಿಸುವ ಸ್ವಿಚ್ಚು ಕಾಕಾನ ಕೋಣೆಯಲ್ಲಿದೆ. ನದಿಯಿಂದ ಬಂದ ನಾಯಿ ತೊಳೆಯಲು ಹೊರಗೆ ನಲ್ಲಿ, ಪೈಪು, ಇಳಿಜಾರಿನ ಕಲ್ಲುಹಾಸು ಮಾಡಿದ್ದಾರೆ. ಇದು ನಿಜಕ್ಕೂ ನಾಯಿ ಸಾಕಿದವರು ಯೋಚಿಸಿ ಮಾಡಿದ ಕೆಲಸ. ಬಚ್ಚಲಲ್ಲಿ ತೊಳೆದರೆ ಕೂದಲು ಕಟ್ಟಿ ನೀರು ಹೋಗುವುದಿಲ್ಲ, ಡಿಪಾಜಿಟ್‌ನಲ್ಲಿ 500 ರೂಪಾಯಿ ಹಿಡಿಯುತ್ತಾರೆ.

ಅಡುಗೆಮನೆಯಲ್ಲಿ ಎರಡು ಒಲೆಯ ಗ್ಯಾಸು, ಐದು ಲೀಟರಿನ ಒಂದು ಕುಕ್ಕರು, ಸಣ್ಣ ಮಿಕ್ಸಿ, ಮೊಂಡು ಚಾಕು ಇವೆ. ಹದಿನಾಲ್ಕು ಜನಕ್ಕೆ ಒಂದೂವರೆ ಕಿಲೋ ಅಕ್ಕಿ ಬೇಕು, ಈ ಕುಕ್ಕರಿನಲ್ಲಿ ಎರಡು ಸಲ ಬೇಯಿಸಬೇಕಾಗುತ್ತದೆ. ಸ್ವಂತ ಅಡುಗೆ ಮಾಡುವವರು ಹತ್ತು ಲೀಟರಿನ ಕುಕ್ಕರು, ಒಂದು ಒಳ್ಳೆಯ ಚಾಕು, ಅರೆದ ಮಸಾಲೆ ತನ್ನಿ. ಆದರೆ ನಮ್ಮನ್ನು ಕೇಳಿದರೆ ಬೆಳಗಿನ ಉಪ್ಪಿಟ್ಟು, ಕಾಫಿ ಮಾತ್ರ ಮಾಡಿಕೊಂಡು ಊಟವನ್ನು ಅಲ್ಲಿ ಅಡುಗೆ ಮಾಡುವ ಮಾವಶಿಗೆ ಬಿಟ್ಟುಬಿಡಿ. ಅಕ್ಕಿಹಿಟ್ಟಿನ ಬಿಸಿ ಭಾಕರಿ, ಕೋಳಿ ರಸ್ಸಾ (ಸಾರು), ವಾಲಾಚಿ ಉಸಳ್ (ಅವರೆಕಾಳಿನ ಪಲ್ಯ), ಅನ್ನ, ಸೋಲ್‌ಕಢಿ. ಸಸ್ಯಾಹಾರಕ್ಕೆ ತಲೆಗೆ 250, ಮಾಂಸಾಹಾರಕ್ಕೆ 400 ರೂಪಾಯಿ. ಭಾಕರಿ ಲೆಕ್ಕ ಹಾಕುವುದಿಲ್ಲ.

ಜನವರಿ, ಫೆಬ್ರವರಿಯಲ್ಲಿ ಹೋದರೆ ಪೋಪಟಿ ಮಾಡಿಸದೆ ಬರಬೇಡಿ. ರಾಯಗಡ ಜಿಲ್ಲೆಯ ಚಳಿಗಾಲದ ಊಟ ಅದು. ಮಣ್ಣಿನ ಗಡಿಗೆಯ ತಳಕ್ಕೆ ಭಾಂಬುರ್ಡಾ ಎಂಬ ಘಾಟು ಸೊಪ್ಪು ಹಾಸಿ, ಎಳೆ ವಾಲಿನ ಕಾಯಿಗಳನ್ನು ಸಿಪ್ಪೆ ಸಮೇತ ತುಂಬಿ, ನಡುನಡುವೆ ಬಟಾಟೆ, ಮೊಟ್ಟೆ, ಮಸಾಲೆ ಸವರಿದ ಕೋಳಿ, ಓಮ, ದಪ್ಪ ಉಪ್ಪು ಸೇರಿಸಿ, ಬಾಯಿಗೆ ಮತ್ತೆ ಅದೇ ಸೊಪ್ಪು ಗಿಡಿದು, ಗಡಿಗೆಯನ್ನು ಬೋರಲು ಹಾಕಿ ಸುತ್ತ ಬೆಂಕಿ ಹೊತ್ತಿಸುತ್ತಾರೆ. ಒಂದು ತೊಟ್ಟು ನೀರೂ ಹಾಕುವುದಿಲ್ಲ, ಸೊಪ್ಪು ಮತ್ತು ಕಾಯಿಯ ಹಸಿಯಲ್ಲೇ ಬೇಯುತ್ತದೆ. ವಾಲು ನಮ್ಮ ಅವರೆಯ ಜಾತಿಯದೇ. ಸೊಗಡಿನ ಅವರೆಕಾಯಿ ಕಂಡವರಿಗೆ ಆ ಪರಿಮಳ ಹೊಸದಲ್ಲ, ಹೊಗೆಯ ರುಚಿ ಹೊಸದು. ಹಿಂದಿನ ದಿನವೇ ಹೇಳಿಡಬೇಕು. ಗಡಿಗೆ ಎತ್ತಿದ ಮೇಲೆ ಬೂದಿಯ ಕೆಳಗೆ ಕೆಂಡ ಬಹಳ ಹೊತ್ತು ಜೀವಂತ ಇರುತ್ತದೆ. ನಾಯಿಗಳನ್ನು ಆ ಕಡೆ ಬಿಡಬೇಡಿ, ಅಂಗಾಲು ಸುಟ್ಟರೆ ವಾರಗಟ್ಟಲೆ ಮಾಯುವುದಿಲ್ಲ.

ನಾಯಿಗೆ ಬೇಕೆಂದರೆ ಮಾವಶಿ ಕೋಳಿ ಮತ್ತು ಅನ್ನ ಬೇಯಿಸಿ ಕೊಡುತ್ತಾರೆ. "ಈರುಳ್ಳಿ, ಬೆಳ್ಳುಳ್ಳಿ, ಮಸಾಲೆ ಏನೂ ಬೇಡ" ಎಂದು ಬಿಡಿಸಿ ಹೇಳಬೇಕು. ಪ್ರೀತಿಯಿಂದ ರಸ್ಸಾ ಹಾಕಿ ಕಲಸಿಬಿಡುತ್ತಾರೆ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಮನೆಯಲ್ಲಿ ತಿನ್ನುವುದನ್ನೇ ಡಬ್ಬದಲ್ಲಿ ತಂದರೆ ಇನ್ನೂ ಒಳ್ಳೆಯದು, ಎರಡು ದಿನಕ್ಕೆ ಊಟ ಬದಲಿಸಿ ಭೇದಿ ಬರಿಸಿಕೊಳ್ಳುವುದು ಬೇಡ. ಗುಂಪಿನ ಊಟದಲ್ಲಿ ನಿಜವಾದ ಅಪಾಯ ಎಲೆ ಎತ್ತಿದ ಮೇಲೆ. ಬೆಂದ ಕೋಳಿಯ ಎಲುಬು ಚೂಪಾಗಿ ಸೀಳಿ ಗಂಟಲಿಗೆ ಚುಚ್ಚುತ್ತದೆ. ಮಳೆಗಾಲದಲ್ಲಿ ಸುಟ್ಟ ಜೋಳದ ದಿಂಡು, ಮೇ ತಿಂಗಳಲ್ಲಿ ಮಾವಿನ ಗೊರಟೆ. ಇವೆರಡನ್ನೂ ನಾಯಿ ನುಂಗಿದರೆ ಕರುಳಿನಲ್ಲಿ ಸಿಕ್ಕಿಕೊಂಡು ಆಪರೇಷನ್ನೇ ಗತಿ. ಕಸದ ಬುಟ್ಟಿಗೆ ಇಲ್ಲಿ ಮುಚ್ಚಳವಿಲ್ಲ. ಕಸವನ್ನು ಚೀಲಕ್ಕೆ ಕಟ್ಟಿ ಅಡುಗೆಮನೆಯ ಒಳಗಿಟ್ಟು ಬಾಗಿಲು ಹಾಕಿ.

ದಾರಿಯ ಮಾತು. ಮುಂಬೈಯಿಂದ ಪನವೇಲ್, ಪೇಣ್, ವಡಖಳ್, ನಾಗೋಠಣೆ ಮೂಲಕ ಗೋವಾ ಹೆದ್ದಾರಿಯಲ್ಲಿ ಸುಮಾರು 120 ಕಿ.ಮೀ. ಅಗಲೀಕರಣ ವರ್ಷಗಟ್ಟಲೆ ನಡೆದ ರಸ್ತೆ ಇದು. ಶನಿವಾರ ಬೆಳಿಗ್ಗೆ ಏಳರ ನಂತರ ಹೊರಟರೆ ವಡಖಳ್ ಹತ್ತಿರವೇ ಒಂದು ಗಂಟೆ ಹೋಗಬಹುದು. ಐದೂವರೆಗೆ ಹೊರಡಿ. ಪೇಣ್‌ನಲ್ಲಿ ಪೋಹ್ಯಾಚೆ ಪಾಪಡ್ (ಅವಲಕ್ಕಿ ಹಪ್ಪಳ) ಕೊಳ್ಳುವುದನ್ನು ಬರುವಾಗಿಗೆ ಇಟ್ಟುಕೊಳ್ಳಿ. ಪುಣೆಯವರಿಗೆ ಚಾಂದನಿ ಚೌಕ, ಪೌಡ್, ಮುಳಶಿ, ತಾಮ್ಹಿಣಿ ಘಾಟ್, ವಿಳೆ, ಅಲ್ಲಿಂದ ಬಲಕ್ಕೆ ಸುತಾರವಾಡಿ. ರಸ್ತೆ ಚಂದ, ಆದರೆ ತಿರುವು ಹೆಚ್ಚು, ನಾಯಿಗಳಿಗೆ ವಾಂತಿ ಖಚಿತ. ಹೊರಡುವ ನಾಲ್ಕು ಗಂಟೆ ಮೊದಲೇ ಊಟ ಮುಗಿದಿರಲಿ, ಘಾಟ್ ಇಳಿಯುವಾಗ ಕಿಟಕಿ ಎರಡಿಂಚು ತೆರೆದಿರಲಿ. ಪೌಡ್‌ನಲ್ಲೇ ಪೆಟ್ರೋಲು ತುಂಬಿಸಿಕೊಳ್ಳಿ. ಮಳೆಗಾಲದ ಶನಿವಾರ, ಭಾನುವಾರ ಜಲಪಾತಗಳ ಸುತ್ತ ಜಿಲ್ಲಾಡಳಿತ ನಿರ್ಬಂಧ ಹೇರುವುದುಂಟು, ಹೊರಡುವ ಮುನ್ನ ವಿಚಾರಿಸಿ. ರೈಲಿನಲ್ಲಿ ನಾಯಿ ಒಯ್ಯಬೇಕಾದರೆ ಫಸ್ಟ್ ಕ್ಲಾಸ್ ಎಸಿಯ ಕೂಪೆಯನ್ನು ಪೂರ್ತಿ ಕಾದಿರಿಸಬೇಕು, ಇಲ್ಲದಿದ್ದರೆ ಗಾರ್ಡ್ ಡಬ್ಬಿಯ ಪೆಟ್ಟಿಗೆ. ಈ ದೂರಕ್ಕೆ ಅದು ಬೇಡ.

ಹೊರಡುವ ಮುಂಚಿನ ಸಿದ್ಧತೆ ಒಂದು ತಿಂಗಳ ಮೊದಲೇ ಶುರುವಾಗುತ್ತದೆ. ಕೊಂಕಣದ ನಿಂತ ನೀರು, ಗದ್ದೆಬದಿ, ಇಲಿ, ಇವೆಲ್ಲ ಸೇರಿದಲ್ಲಿ ಲೆಪ್ಟೊಸ್ಪೈರೋಸಿಸ್ ಎಂಬ ಇಲಿಜ್ವರ ಇರುತ್ತದೆ. ಹಿಂದೆ ಲಸಿಕೆ ಹಾಕಿಸದ ನಾಯಿಗೆ ಕೆಲವು ವಾರಗಳ ಅಂತರದಲ್ಲಿ ಎರಡು ಡೋಸು ಬೇಕು, ಆಮೇಲೆ ವರ್ಷಕ್ಕೊಂದು. ಉಣ್ಣೆ ಹುಳಕ್ಕೆ ಕತ್ತಿನ ಹಿಂದೆ ಹನಿಸುವ ಔಷಧಿ ಬಳಸುವವರು ಹೊರಡುವ ಹಿಂದಿನ ರಾತ್ರಿ ಹನಿಸಿ ಬರುತ್ತಾರೆ, ಬೆಳಿಗ್ಗೆ ನಾಯಿ ನದಿಗೆ ಇಳಿಯುತ್ತದೆ, ಔಷಧಿಯೂ ನದಿಗೆ ಹೋಗುತ್ತದೆ. ಹನಿಸುವ ಮೊದಲು ಎರಡು ದಿನ, ನಂತರ ಎರಡು ದಿನ ನಾಯಿ ನೆನೆಯಬಾರದು. ಈಜುವ ನಾಯಿಗೆ ಮಾತ್ರೆಯೇ ಸರಿ, ತೂಕ ಹೇಳಿ ವೈದ್ಯರಿಂದ ಬರೆಸಿಕೊಳ್ಳಿ. ಅಕ್ಟೋಬರ್, ನವೆಂಬರ್‌ನಲ್ಲಿ ಹುಲ್ಲು ಎತ್ತರವಿದ್ದಾಗ ಉಣ್ಣೆ ವಿಪರೀತ. ದಿನಕ್ಕೆರಡು ಸಲ ಬೆರಳಸಂದಿ, ಕಿವಿಯ ಒಳಮಡಿಕೆ, ಕತ್ತಿನ ಪಟ್ಟಿಯ ಅಡಿ ನೋಡಿ. ಸಿಕ್ಕಿದ್ದನ್ನು ಚಿಮುಟದಿಂದ ಚರ್ಮಕ್ಕೆ ಅಂಟಿ ಹಿಡಿದು ನೇರ ಎಳೆಯಿರಿ, ಸೀಮೆಎಣ್ಣೆ ಹಚ್ಚಬೇಡಿ. ಮನೆಗೆ ಬಂದು ಮೂರು ವಾರದೊಳಗೆ ಜ್ವರ, ಊಟ ಬಿಡುವುದು, ಒಸಡು ಬಿಳಚುವುದು, ಮೂತ್ರ ಕಂದಾಗುವುದು ಕಂಡರೆ ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ. ಊರಿಗೆ ಹೋಗಿದ್ದೆವು, ಉಣ್ಣೆ ಕಚ್ಚಿತ್ತು ಎಂದು ವೈದ್ಯರಿಗೆ ಹೇಳಿದರೆ ಅರ್ಧ ಕೆಲಸ ಮುಗಿಯುತ್ತದೆ.

ಹಾವಿನ ಭಯ ಇಲ್ಲದ ಹಳ್ಳಿ ಕೊಂಕಣದಲ್ಲಿಲ್ಲ. ನಾಗರ, ಕೊಳಕುಮಂಡಲ, ಕಟ್ಟುಹಾವು ಎಲ್ಲವೂ ಇರುವ ಸೀಮೆ. ಸೌದೆ ರಾಶಿ ಹಿಂದಿನ ಗೋಡೆಗೆ ಒತ್ತಿಕೊಂಡಿದೆ, ನಾಯಿಗಳು ಮೂಗು ತೂರಿಸುವುದು ಮೊದಲು ಅಲ್ಲಿಗೇ. ಕತ್ತಲಾದ ಮೇಲೆ ಹಗ್ಗ ಹಾಕಿ, ಟಾರ್ಚು ಹಿಡಿದೇ ಹೊರಗೆ ಒಯ್ಯಿರಿ. ಕಚ್ಚಿದರೆ ಕಟ್ಟುವುದು, ಕೊಯ್ಯುವುದು ಬೇಡ. ನಾಯಿಯನ್ನು ನಡೆಸದೆ ಎತ್ತಿಕೊಂಡು ಗಾಡಿಗೆ ಹಾಕಿ, ವಿಷನಿರೋಧಕ ಇದೆಯೇ ಎಂದು ಫೋನಿನಲ್ಲಿ ಕೇಳುತ್ತಲೇ ಹೊರಡಿ. ಹತ್ತಿರದ ಪಟ್ಟಣ ರೋಹಾ. ರಾತ್ರಿ ವೈದ್ಯರು ಸಿಗದಿದ್ದರೆ ಪನವೇಲ್‌ವರೆಗೂ ಓಡಬೇಕಾಗಬಹುದು. ಆದ್ದರಿಂದ ಹಗಲು ಹೊತ್ತಿನಲ್ಲೇ ರೋಹಾ, ಮಾಣಗಾವ್, ಪನವೇಲ್ ಮೂರೂ ಕಡೆಯ ಪಶುವೈದ್ಯರ ನಂಬರು ಬರೆದು ಫ್ರಿಜ್ಜಿಗೆ ಅಂಟಿಸಿ. ಮೊಬೈಲ್ ಸಿಗ್ನಲ್ ಗೇಟಿನ ಹತ್ತಿರ ಮಾತ್ರ ಸರಿಯಾಗಿ ಸಿಗುತ್ತದೆ.

ಯಾವಾಗ ಹೋಗುವುದು? ನವೆಂಬರ್ ಕೊನೆಯಿಂದ ಫೆಬ್ರವರಿ ಅತ್ಯುತ್ತಮ. ಏಪ್ರಿಲ್, ಮೇ ತಿಂಗಳಲ್ಲಿ ನೀರು ಚೆನ್ನಾಗಿರುತ್ತದೆ, ಗಾಳಿ ಚೆನ್ನಾಗಿರುವುದಿಲ್ಲ. ನಾಯಿ ಮೈ ತಂಪು ಮಾಡಿಕೊಳ್ಳುವುದು ತೇಕುವುದರಿಂದ. ಕೊಂಕಣದ ತೇವ ಗಾಳಿಯಲ್ಲಿ ತೇಕಿದರೂ ಶಾಖ ಇಳಿಯುವುದಿಲ್ಲ. ಹಸ್ಕಿ, ಸೇಂಟ್ ಬರ್ನಾರ್ಡ್, ಪಗ್ ಇರುವವರು ಬೇಸಿಗೆಯಲ್ಲಿ ದಯವಿಟ್ಟು ಬರಬೇಡಿ, ಕರೆಂಟು ಹೋದರೆ ಎಸಿಯೂ ಇಲ್ಲ. ಜೊಲ್ಲು ಅಂಟಂಟಾಗಿ, ಒಸಡು ಕೆಂಪೇರಿ, ನಡಿಗೆ ತೂರಾಡಿದರೆ ಮೊದಲು ಮೈತುಂಬ ನೀರು ಸುರಿದು ಗಾಳಿ ಹಾಕಿ ತಂಪು ಮಾಡಿ, ಆಮೇಲೆ ಗಾಡಿ ಹತ್ತಿಸಿ. ಜೂನ್‌ನಿಂದ ಸೆಪ್ಟೆಂಬರ್ ಇಲ್ಲಿ ಕಣ್ಣಿಗೆ ಹಬ್ಬ, ಆದರೆ ನದಿಯ ಗೇಟಿಗೆ ಬೀಗ ಹಾಕಿಸಿ ಕೀಲಿ ನೀವೇ ಇಟ್ಟುಕೊಳ್ಳಬೇಕು. 3,000 ಮಿ.ಮೀ.ಗೂ ಮೀರಿ ಮಳೆ ಸುರಿಯುವ ಸೀಮೆ. ಆಗ ಏರುವ ನೀರಿಗೆ ಬಂಡೆಯ ಪಟ್ಟಿಯ ಲೆಕ್ಕವೂ ನಡೆಯುವುದಿಲ್ಲ.

ಬಾಡಿಗೆ ಹನ್ನೆರಡು ಜನಕ್ಕೆ ವಾರದ ದಿನ 14,000, ಶುಕ್ರವಾರದಿಂದ ಭಾನುವಾರ 20,000 ರೂಪಾಯಿ ರಾತ್ರಿಗೆ. ಹೆಚ್ಚಿಗೆ ಬಂದವರಿಗೆ ತಲಾ 1,000, ಒಟ್ಟು ಹದಿನಾರು ಜನದವರೆಗೆ. ನಾಯಿಗೆ 400. ಹದಿನಾಲ್ಕು ಜನ, ನಾಲ್ಕು ನಾಯಿ ಎಂದರೆ ವಾರಾಂತ್ಯದ ಒಂದು ರಾತ್ರಿಗೆ ತಲೆಗೆ 1,700 ರೂಪಾಯಿಯ ಒಳಗೇ ಮುಗಿಯುತ್ತದೆ, ಊಟ ಬೇರೆ. ಡಿಪಾಜಿಟ್ 5,000. ಹೊರಡುವಾಗ ಹಾಸಿಗೆಯ ಕೂದಲು, ಬಾಗಿಲ ಮೇಲಿನ ಉಗುರುಗೀರು ನೋಡಿ ಹಣ ಹಿಡಿಯುತ್ತಾರೆ. ಹಿಂದಿನ ಬಲಗಡೆ ಕೋಣೆಯ ಬಾಗಿಲಲ್ಲಿ ಹಳೆಯ ಗೀರುಗಳು ಈಗಾಗಲೇ ಇವೆ. ಬಂದ ದಿನವೇ ಮೊಬೈಲಿನಲ್ಲಿ ಫೋಟೋ ತೆಗೆದು ಕಾಕಾನಿಗೆ ಕಳಿಸಿಡಿ. ಅಂಗಳದಲ್ಲಿ ನಾಯಿಯ ಕಕ್ಕಸ್ಸು ಎತ್ತುವ ಚೀಲ ಅಲ್ಲಿ ಸಿಗುವುದಿಲ್ಲ, ನೀವೇ ಒಯ್ಯಬೇಕು. ಎತ್ತದಿದ್ದರೆ ನಾಯಿಯೊಂದಕ್ಕೆ 200 ರೂಪಾಯಿ ಕಡಿತ, ನಮಗೆ ಅದು ಕಡಿಮೆಯೇ ಅನಿಸಿತು. ಬರುವುದು ಮಧ್ಯಾಹ್ನ ಒಂದಕ್ಕೆ, ಬಿಡುವುದು ಬೆಳಿಗ್ಗೆ ಹನ್ನೊಂದಕ್ಕೆ. ಮುಂದಿನ ಗುಂಪು ಇಲ್ಲದ ದಿನ ಕೇಳಿದರೆ ಮೂರರವರೆಗೂ ಇರಲು ಬಿಡುತ್ತಾರೆ, ಒದ್ದೆ ನಾಯಿಗಳು ಪೂರ್ತಿ ಒಣಗಿ ಗಾಡಿ ಹತ್ತಲು ಆ ನಾಲ್ಕು ಗಂಟೆ ಬೇಕಾಗುತ್ತದೆ.